ಬೂಟಿನೊಳಗೆ ಬಚ್ಚಿಟ್ಟ ಕಾಲು

2014ರಲ್ಲಿ ನಾನು ಆಸ್ಟ್ರೇಲಿಯಾದ ಪರ್ತ್ ನಗರದ ಒಂದು ವೃತ್ತಿಪರ ಫುಟ್‌ಬಾಲ್ ಕ್ಲಬ್ಬಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಕ್ಲಬ್ಬಿನ ಹೆಸರು ಬರೆಯುವುದಿಲ್ಲ. ಬರೆದು ಅದಕ್ಕೆ ಪ್ರಚಾರ ಕೊಡುವಷ್ಟು ಔದಾರ್ಯ ನನಗಿಲ್ಲ. ಮೈಸೂರಿನಲ್ಲಿ ಓದಿ, ಗಣಿ ಕಂಪನಿಯ ಜಿಯಾಲಜಿಸ್ಟ್ ಆಗಿದ್ದ ಗಂಡ ರವಿಯ ಜೊತೆ ಇಲ್ಲಿಗೆ ಬಂದು, ಕ್ಯಾನಿಂಗ್ಟನ್ ಬಡಾವಣೆಯಲ್ಲಿ ಮನೆ ಮಾಡಿದವಳು ನಾನು. ನಮ್ಮ ಕನ್ನಡದವರು ಸೇರಿದ ಕಡೆಯೆಲ್ಲ ಯಾರಾದರೊಬ್ಬ ಅಂಕಲ್, "ಫುಟ್‌ಬಾಲ್‌ನೋರ ಕಾಲು ಒತ್ತೋಕೂ ಮಾಸ್ಟರ್ಸ್ ಬೇಕೇನಮ್ಮಾ?" ಎಂದು ಕೇಳಿಯೇ ಕೇಳುತ್ತಿದ್ದರು. ನಕ್ಕುಬಿಡುತ್ತಿದ್ದೆ. ಕ್ಲಬ್ಬಿನಲ್ಲಿ ನನ್ನ ಮಾತಿಗಿದ್ದ ಬೆಲೆ ನೋಡಿದರೆ ಅಂಕಲ್ ಮಾತು ಪೂರ್ತಿ ಸುಳ್ಳೂ ಆಗಿರಲಿಲ್ಲ.

ಕ್ಲಬ್ಬಿನ ಡ್ರೆಸ್ಸಿಂಗ್ ರೂಮಿನಲ್ಲಿ ಪ್ರತಿಯೊಬ್ಬ ಆಟಗಾರನ ಹೆಸರು ಹೊಲಿದ ಚರ್ಮದ ಕುರ್ಚಿ ಇತ್ತು. ಐಸ್ ನೀರಿನ ತೊಟ್ಟಿ, ಜ್ಯೂಸ್ ಮಷೀನು, ಗೋಡೆಯಗಲದ ಟಿವಿ ಎಲ್ಲ ಇದ್ದವು. ಆದರೆ ಒಬ್ಬನಿಗೆ ಎಂಆರ್‌ಐ ಸ್ಕ್ಯಾನ್ ಮಾಡಿಸಿ ಎಂದರೆ ಮಾತ್ರ ಎಲ್ಲರ ಮುಖ ಗಂಟಾಗುತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವುದನ್ನು ನಮ್ಮ ಹಿರಿಯರು ಈ ಕ್ಲಬ್ಬನ್ನು ನೋಡಿಯೇ ಹೇಳಿರಬೇಕು.

ಕೋಚ್ ಇಂಗ್ಲೆಂಡಿನವನು. ತನ್ನ ಕಾಲದಲ್ಲಿ ಮುರಿದ ಬೆರಳಿನಲ್ಲೇ ಆಡಿದೆ, ಹರಿದ ಸ್ನಾಯುವಿನಲ್ಲೇ ಓಡಿದೆ ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ. ಅದರ ಫಲವಾಗಿ ಎರಡೂ ಮಂಡಿ ಸವೆದು, ಮೆಟ್ಟಿಲಿಳಿಯುವಾಗ ಕಂಬಿ ಹಿಡಿದುಕೊಳ್ಳುತ್ತಿದ್ದ. ಅಷ್ಟಾದರೂ ಆ ಮಂಡಿಗಳಿಂದ ಅವನು ಕಲಿತದ್ದು ಏನೂ ಇರಲಿಲ್ಲ.

ಅವನು ತಂದ ಒಂದು ಪದ್ಧತಿ ಇತ್ತು. ಪಂದ್ಯದ ಹಿಂದಿನ ದಿನ ತಂಡವೆಲ್ಲ ಮೈದಾನದಲ್ಲಿ ಸುತ್ತ ನಿಲ್ಲಬೇಕು. ನೋವೆಂದವನು ನಡುವೆ ನಿಂತು, ನೋವಿರುವ ಕಾಲಿನಲ್ಲೇ ಕುಪ್ಪಳಿಸಬೇಕು. ಸುತ್ತಲಿದ್ದವರು ತಾಳಕ್ಕೆ ಸರಿಯಾಗಿ ಚಪ್ಪಾಳೆ ತಟ್ಟಬೇಕು. ಕುಪ್ಪಳಿಸಿದವನು ಆಡಬಲ್ಲ, ನಿಂತವನು ಹೇಡಿ. ಹಾಪ್ ಟೆಸ್ಟ್ ಎನ್ನುವುದು ನಮ್ಮ ವೃತ್ತಿಯಲ್ಲೂ ಇದೆ. ಆದರೆ ನಾವು ಅದನ್ನು ಕೋಣೆಯೊಳಗೆ, ಬರಿಗಾಲಿನಲ್ಲಿ, ಮುಖ ನೋಡುತ್ತಾ ಮಾಡಿಸುತ್ತೇವೆ. ಕೋಚ್ ಅದನ್ನು ಕುಂಟೆಬಿಲ್ಲೆ ಪಂದ್ಯ ಮಾಡಿಬಿಟ್ಟಿದ್ದ.

ಆ ವರ್ಷ ಫ್ರಾನ್ಸಿನಿಂದ ರೆಮಿ ಬಂದ. ಇಪ್ಪತ್ತೊಂದರ ಹುಡುಗ, ಡಿಫೆಂಡರ್. ಎದುರಾಳಿ ಗೋಲಿನತ್ತ ನುಗ್ಗದಂತೆ ತಡೆಯುವುದು ಅವನ ಕೆಲಸ. ಚಿಕ್ಕಂದಿನಿಂದ ಬೆಳೆಸಿದ ಅಲ್ಲಿನ ಅಕಾಡೆಮಿ, ಇವನು ಗಟ್ಟಿಯಿಲ್ಲ ಎಂದು ಹೊರಗೆ ಹಾಕಿತ್ತು. ಭೂಮಿಯ ಈ ತುದಿಗೆ ಬಂದಿದ್ದು ಒಂದೇ ಸೀಸನ್ನಿನ ಒಪ್ಪಂದದ ಮೇಲೆ. ಇಲ್ಲಿಯೂ ಬೇಡವೆಂದರೆ ಅವನಿಗೆ ಆಟವೇ ಮುಗಿದಂತೆ.

ಸೀಸನ್ನಿನ ಮಧ್ಯೆ ಪಾದದ ಮೇಲ್ಭಾಗ ಸ್ವಲ್ಪ ಹಿಡಿದಂತಾಗಿದೆ ಎಂದ. ಕ್ಲಬ್ಬಿನ ಡಾಕ್ಟರು ಎಕ್ಸ್-ರೇ ತೆಗೆಸಿದರು. ಏನೂ ಕಾಣಲಿಲ್ಲ. ನನ್ನ ಬಳಿ ಬಂದಾಗಲೂ ಮಂಚದ ಮೇಲೆ ಮಲಗಿ, ಎಲ್ಲಿ ಮುಟ್ಟಿದರೂ ಹಲ್ಲು ಕಚ್ಚಿಕೊಂಡು ನಗುತ್ತಿದ್ದ. ಹಾಪ್ ಟೆಸ್ಟಿನಲ್ಲಿ ಎಲ್ಲರಿಗಿಂತ ಜಾಸ್ತಿ ಕುಪ್ಪಳಿಸಿದ. ಚಪ್ಪಾಳೆ ಜೋರಾಗಿಯೇ ಬಿತ್ತು. ಆ ನಗು ಮಾತ್ರ ನನಗೆ ಹಿಡಿಸಲಿಲ್ಲ.

ಒಂದು ಭಾನುವಾರ ಅವನನ್ನು ಊಟಕ್ಕೆ ಕರೆದೆವು. ರವಿ ಗಣಿಯಿಂದ ರಜೆಗೆ ಬಂದಿದ್ದ. ನಮ್ಮೆಲ್ಲರ ಮನೆಯ ಹಾಗೆ ನಮ್ಮ ಮನೆಯಲ್ಲೂ ಶೂ ಬಾಗಿಲ ಹೊರಗೇ. ರೆಮಿ ಬಿಚ್ಚಿದ. ಬೂಟಿನೊಳಗೆ ದಪ್ಪ ಸ್ಪಂಜಿನ ತುಂಡೊಂದು ಕಾಣಿಸಿತು. ಚಿತ್ರಾನ್ನವನ್ನು ಎರಡು ಸಲ ಬಡಿಸಿಕೊಂಡ, ಹಪ್ಪಳವನ್ನು ಎಣಿಸಲು ಹೋಗಲಿಲ್ಲ. ಊಟವಾದ ಮೇಲೆ ಬೇಡವೆಂದರೂ ಕೇಳದೆ ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೊರಟ. ಟೈಲ್ಸ್ ಮೇಲೆ ಎಡಪಾದದ ಹೊರ ಅಂಚನ್ನಷ್ಟೇ ಊರಿ, ಒಳಭಾಗ ನೆಲಕ್ಕೆ ತಾಗದಂತೆ ನಡೆಯುತ್ತಿದ್ದ. ಆ ಹೊತ್ತಿನಲ್ಲಿ ಅವನಿಗೆ ಯಾರ ಮುಂದೆಯೂ ಗಟ್ಟಿಗನಾಗಿರಬೇಕಿರಲಿಲ್ಲ.

"ಕೂತ್ಕೋ" ಎಂದು ಸೋಫಾದ ಮೇಲೆ ಕೂರಿಸಿ, ಪಾದದ ಕಮಾನಿನ ನೆತ್ತಿಯಲ್ಲಿ ಹೆಬ್ಬೆರಳಿಟ್ಟು ಒತ್ತಿದೆ. ನಗಲು ಸಮಯ ಸಿಗಲಿಲ್ಲ. ಕಾಲು ಕಿತ್ತುಕೊಂಡ, ಕಣ್ಣಲ್ಲಿ ನೀರು ಬಂತು.

ಅಲ್ಲಿ ನ್ಯಾವಿಕ್ಯುಲರ್ ಎಂಬ ದೋಣಿಯಾಕಾರದ ಪುಟ್ಟ ಮೂಳೆ ಇದೆ. ಓಡಿ ಓಡಿ ಅದರಲ್ಲಿ ಕೂದಲೆಳೆಯ ಬಿರುಕು ಬಿಡಬಹುದು. ಮೂಳೆಯ ನಡುಭಾಗಕ್ಕೆ ರಕ್ತ ಹರಿಯುವುದು ಕಡಿಮೆ, ಹಾಗಾಗಿ ತಾನಾಗಿ ಕೂಡುವುದಿಲ್ಲ. ಎಕ್ಸ್-ರೇಯಲ್ಲಿ ಈ ಬಿರುಕು ಎಷ್ಟೋ ಸಲ ಕಾಣುವುದೇ ಇಲ್ಲ. ಬೇಗ ಗೊತ್ತಾದರೆ ಪ್ಲಾಸ್ಟರ್ ಸಾಕು. ಪೂರ್ತಿ ಮುರಿದರೆ ಅನೇಕರ ಆಟವೇ ಮುರಿಯುತ್ತದೆ.

ರೆಮಿ ಎಲ್ಲ ಒಪ್ಪಿಕೊಂಡ. ಸ್ಪಂಜು ತುರುಕಿ, ಎರಡು ಜೊತೆ ಸಾಕ್ಸ್ ಹಾಕಿ, ಮುಂಗಾಲಿನ ಬದಲು ಹಿಮ್ಮಡಿಯ ಮೇಲೆ ಬೀಳುವುದನ್ನು ರೂಮಿನಲ್ಲಿ ಅಭ್ಯಾಸ ಮಾಡಿದ್ದನಂತೆ. "ದಯವಿಟ್ಟು ಹೇಳಬೇಡಿ. ಇಲ್ಲಿಂದಲೂ ಕಳಿಸಿದರೆ ನನ್ನನ್ನು ಯಾರು ಕರೆಯುತ್ತಾರೆ?" ಎಂದ.

"ಕಾಲು ಮುರಿದುಕೊಂಡರೆ ಯಾರು ಕರೆಯುತ್ತಾರೆ?" ಎಂದೆ. ಸರಿ, ಹೇಳಿ ಎಂಬಂತೆ ತಲೆಯಾಡಿಸಿದ.

ಮರುದಿನ ಕೋಚಿಗೆ ಹೇಳಿ, ಸ್ಕ್ಯಾನ್ ಬೇಕೆಂದೆ. "ಎಕ್ಸ್-ರೇ ಚೆನ್ನಾಗಿದೆ, ಹುಡುಗ ಕುಪ್ಪಳಿಸಿದ್ದಾನೆ. ಈ ಫ್ರೆಂಚರು ಮುಳ್ಳು ಚುಚ್ಚಿದರೂ ರಜೆ ಕೇಳುತ್ತಾರೆ" ಎಂದು ಗಹಗಹಿಸಿ, ಅಲ್ಲೇ ರೆಮಿಯನ್ನು ಕರೆದು ಕೇಳಿದ. ಅವನ ಮುಂದೆ ಹುಡುಗನ ಧೈರ್ಯ ಜಾರಿತು. "ನೋವೇನೂ ಇಲ್ಲ, ಬಾಸ್" ಎಂದುಬಿಟ್ಟ. ನನಗೆ ಸಿಟ್ಟು ಬಂದದ್ದು ಹುಡುಗನ ಮೇಲಲ್ಲ. ಗೆದ್ದವನ ಹಾಗೆ ನನ್ನತ್ತ ಹುಬ್ಬು ಹಾರಿಸಿದ ಆ ಮನುಷ್ಯನ ಮೇಲೆ.

ಬ್ರಿಸ್ಬೇನಿನ ಸೆಕೆಯಲ್ಲಿ ರೆಮಿ ಪೂರ್ತಿ ಪಂದ್ಯ ಆಡಿದ. ಮುಗಿದ ಮೇಲೆ ಬೆಂಚಿನಿಂದ ಏಳಲಾಗಲಿಲ್ಲ. ಕೋಚ್ ಬೆನ್ನು ತಟ್ಟಿ "ಗಂಡಸು ಅಂದ್ರೆ ಇವನು" ಎಂದ. ನಾವು ಸೋತಿದ್ದೆವು. ಅದಕ್ಕೆ ಹುಲ್ಲು ಉದ್ದವಿದ್ದದ್ದು ಕಾರಣವೆಂದು ಪತ್ರಕರ್ತರಿಗೆ ಹೇಳಿದ. ಕುಣಿಯಲಾರದವಳಿಗೆ ನೆಲ ಡೊಂಕಂತೆ.

ಮುಂದಿನ ಪಂದ್ಯ ಅಡಿಲೇಡಿನಲ್ಲಿ. ಬ್ರಿಸ್ಬೇನಿನಿಂದ ನೇರ ಅಲ್ಲಿಗೇ ಹೋದೆವು. ಅಲ್ಲಿನ ಬೆಡ್‌ಫರ್ಡ್ ಪಾರ್ಕ್ ಬಡಾವಣೆಯ ದೊಡ್ಡ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರಾಗಿದ್ದ ಮೋಹನ, ಮೈಸೂರಿನ ನನ್ನ ಹೈಸ್ಕೂಲು ಸಹಪಾಠಿ. ಫೋನ್ ಮಾಡಿದೆ. "ನಾಳೆ ಆರ್ವೋ ಕರ್ಕೊಂಡ್ ಬಾರೇ, ನೋಡೇಬಿಡೋಣ" ಎಂದ. ಇಲ್ಲಿನವರ ಹಾಗೆ ಮಧ್ಯಾಹ್ನಕ್ಕೆ ಅವನೂ ಆರ್ವೋ ಎನ್ನುತ್ತಿದ್ದ. ಬ್ರಿಸ್ಬೇನಿನ ಆ ಬೆಂಚು ರೆಮಿಯನ್ನು ಹೆದರಿಸಿತ್ತು. ಕರೆದ ಕೂಡಲೇ ಬಂದ.

ಸ್ಕ್ಯಾನ್ ನೋಡಿದ ಮೋಹನ ನನ್ನತ್ತ ತಿರುಗಿ, "ಇಂಥ ಕಾಲಲ್ಲಿ ಇವನನ್ನ ಆಡಿಸಿದ್ರಾ? ನಿಮಗೇನು ತಲೆ ಕೆಟ್ಟಿದ್ಯೇನೇ ಸುಧಾ? ಅರ್ಧಕ್ಕಿಂತ ಜಾಸ್ತಿ ಬಿಟ್ಕೊಂಡಿದೆ. ಇನ್ನೊಂದು ಮ್ಯಾಚ್ ಆಡಿದ್ರೆ ಎರಡು ಹೋಳಾಗತ್ತೆ ಅಷ್ಟೇ" ಎಂದು ರೇಗಿದ. ಆಮೇಲೆ ಬಿರುಕಿನ ಗೆರೆಯನ್ನು ತೋರಿಸುತ್ತಾ ಇಂಗ್ಲಿಷಿನಲ್ಲಿ ರೆಮಿಗೆ ವಿವರಿಸಿದ.

ರೆಮಿ ಒಂದೇ ಪ್ರಶ್ನೆ ಕೇಳಿದ. "ಈಗ ನಿಲ್ಲಿಸಿದರೆ ಮತ್ತೆ ಆಡಬಹುದೇ?"

"ಈಗ ನಿಲ್ಲಿಸಿದರೆ, ಬಹುಶಃ ಆಡಬಹುದು" ಎಂದ ಮೋಹನ.

ಸಂಜೆ ಸ್ಕ್ಯಾನಿನ ಚಿತ್ರವನ್ನು ಕೋಚಿನ ಮುಂದೆ ಹಿಡಿದೆ. ಕಣ್ಣು ಕಿರಿದು ಮಾಡಿ ನೋಡಿ, "ನಾಳೆ ಕುಪ್ಪಳಿಸಲಿ, ನೋಡೋಣ" ಎಂದ. ಬಿರುಕು ಬಿಟ್ಟಿದೆ ಎಂದು ಕಣ್ಣಾರೆ ಕಂಡ ಮೂಳೆಯ ಮೇಲೆ ಕುಪ್ಪಳಿಸಬೇಕಂತೆ! ಮೂರ್ಖರನ್ನು ನಾನು ಬಹಳ ಕಂಡಿದ್ದೇನೆ. ಆದರೆ ಮೂರ್ಖತನಕ್ಕೆ ಸೀಟಿ ಕಟ್ಟಿಕೊಂಡು ಓಡಾಡಿದವನು ಇವನೊಬ್ಬನೇ.

ಮರುದಿನ ಎಲ್ಲರೂ ಸುತ್ತ ನಿಂತರು. ಕೋಚ್ ಸೀಟಿ ಊದಿದ, ಚಪ್ಪಾಳೆ ಶುರುವಾಯಿತು. ರೆಮಿ ನಡುವೆ ಬಂದು ಹುಲ್ಲಿನ ಮೇಲೆ ಕುಳಿತ. ಬೂಟು ಬಿಚ್ಚಿದ. ಎರಡೂ ಜೊತೆ ಸಾಕ್ಸ್ ತೆಗೆದ. ಸ್ಪಂಜನ್ನು ಹೊರಗೆಳೆದು ಪಕ್ಕದಲ್ಲಿಟ್ಟ. ಬರಿಗಾಲಲ್ಲಿ ಎದ್ದು ನಿಂತು, "ಮೂಳೆ ಒಡೆದಿದೆ. ನಾನು ಕುಪ್ಪಳಿಸುವುದಿಲ್ಲ" ಎಂದ. ಚಪ್ಪಾಳೆ ಒಬ್ಬೊಬ್ಬರದಾಗಿ ನಿಂತಿತು. ಕೋಚ್ ಮತ್ತೊಮ್ಮೆ ಸೀಟಿ ಊದಿದ. ಯಾರೂ ಕೈಯೆತ್ತಲಿಲ್ಲ. ಕ್ಯಾಪ್ಟನ್ ಹೋಗಿ ರೆಮಿಯ ಹೆಗಲಿಗೆ ತನ್ನ ಹೆಗಲು ಕೊಟ್ಟು ಮೈದಾನದಿಂದ ಆಚೆ ಕರೆತಂದ. ನನಗೆ ಅಳು ಬಂತು.

ಪ್ಲಾಸ್ಟರಿನ ಕಾಲಿನಲ್ಲಿ ರೆಮಿ ನಮ್ಮ ಮನೆಯಲ್ಲೇ ಇದ್ದ. ಬೇಜಾರಾದಾಗ ಊರುಗೋಲು ಹಿಡಿದು ರೈಲಿನಲ್ಲಿ ಫ್ರೀಮ್ಯಾಂಟಲ್‌ಗೆ ಹೋಗಿ ಹಡಗು ನೋಡಿಕೊಂಡು ಬರುತ್ತಿದ್ದ. ಸೀಸನ್ ಮುಗಿದಾಗ ಕ್ಲಬ್ ಅವನನ್ನೂ ಕೈಬಿಟ್ಟಿತು, ನನ್ನನ್ನೂ ಬಿಟ್ಟಿತು. ಅವನದು "ಪರಸ್ಪರ ಒಪ್ಪಿಗೆ"ಯಂತೆ, ನನ್ನದು "ಪುನರ್ರಚನೆ"ಯಂತೆ. ಸುಳ್ಳಿಗೆ ಇಸ್ತ್ರಿ ಮಾಡುವುದರಲ್ಲಿ ಮಾತ್ರ ಆ ಕ್ಲಬ್ ನಿಜಕ್ಕೂ ವೃತ್ತಿಪರ. ಮೂಳೆ ಕೂಡಿತು. ರೆಮಿ ಫ್ರಾನ್ಸಿಗೆ ಮರಳಿ, ಕೆಳಗಿನ ಡಿವಿಜನ್ನಿನ ಒಂದು ತಂಡದಲ್ಲಿ ಹಲವು ವರ್ಷ ಆಡಿದ.

ನೋವನ್ನು ಜನ ಮಾತಿನಲ್ಲಿ ಮುಚ್ಚಿಡುತ್ತಾರೆ, ನಗುವಿನಲ್ಲೂ ಮುಚ್ಚಿಡುತ್ತಾರೆ. ಯಾರೂ ನೋಡುತ್ತಿಲ್ಲ ಎಂದುಕೊಂಡಾಗ ಇಡುವ ಹೆಜ್ಜೆಯಲ್ಲಿ ಮುಚ್ಚಿಡಲಾಗುವುದಿಲ್ಲ. ನನಗೆ ವೃತ್ತಿ ಕಲಿಸಿದ್ದು ಇಷ್ಟೇ. ಈಗ ಕ್ಯಾನಿಂಗ್ಟನ್ನಿನಲ್ಲಿ ನನ್ನದೇ ಕ್ಲಿನಿಕ್ ಇದೆ. ಶೂ ಬಾಗಿಲಲ್ಲೇ ಬಿಡಬೇಕು. ಅದು ನಮ್ಮ ದೇವರ ನಿಯಮ ಎಂದು ಇಲ್ಲಿನವರು ಅಂದುಕೊಂಡಿದ್ದಾರೆ, ನಾನೂ ತಿದ್ದಲು ಹೋಗಿಲ್ಲ.

ಕೆಲವು ವರ್ಷಗಳ ಮೇಲೆ ಆ ಕೋಚ್ ಮಂಡಿ ನೋವೆಂದು ಬಂದ. ನನ್ನ ಗುರುತು ಸಿಕ್ಕಿತು, ಆದರೂ ಸಿಗದವನ ಹಾಗೆ ನಿಂತ. ಶೂ ಬಿಚ್ಚಲು ಬಗ್ಗಲಾಗಲಿಲ್ಲ. "ನನಗೆ ಅಂಥ ನೋವೇನೂ ಇಲ್ಲ" ಎಂದು ನಗಲು ನೋಡಿದ. ನಾನು ಕುರ್ಚಿ ತಂದು ಹಾಕಿದೆ.

"ನಿಧಾನವಾಗಿ ಬಿಚ್ಚಿ" ಎಂದೆ. "ಇಲ್ಲಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ."