ರೋಲರಿನ ಬಿಸಿಗೆ ತೆಗೆದಿಟ್ಟ ಕರಿಮಣಿ

ಬೆಳಿಗ್ಗೆ ಟ್ರೀಜಾ ಕೆಲಸಕ್ಕೆ ಹೊರಡುವಾಗ ಅವಳ ಅತ್ತೆ ಎಮಿಲಿಯಾ ಬಾಯಿ ಜಗಲಿಗೆ ಬಂದು ನಿಂತು ಸೊಸೆಯ ಕುತ್ತಿಗೆ ನೋಡುತ್ತಿದ್ದರು. ಕರಿಮಣಿ ಸರ ಕಂಡ ಮೇಲೆಯೇ ಹೋಗಿ ಬಾ ಎನ್ನುವುದು. ಸಂಜೆ ಬಂದಾಗ ಮತ್ತೊಮ್ಮೆ ಅದೇ ತಪಾಸಣೆ. ಮುಖ ನೋಡಿದ್ದನ್ನು ಮಾತ್ರ ನಾನು ಕಂಡಿಲ್ಲ. ನಾನು ಹರಿಣಾಕ್ಷಿ, ಪಕ್ಕದ ಮನೆಯವಳು. ಟ್ರೀಜಾ ಹೋಗುವ ಕಾಗದದ ಮಿಲ್ಲಿಗೇ ನಾನೂ ಹೋಗುವವಳು. ನನಗೆ ಬಾಯಿ ಸ್ವಲ್ಪ ಜಾಸ್ತಿ. ನಿಮ್ಮ ಅತ್ತೆ ವಿಮಾನ ನಿಲ್ದಾಣದ ಕಸ್ಟಮ್ಸಿನಲ್ಲಿ ಇರಬೇಕಿತ್ತು ಎಂದು ಒಮ್ಮೆ ತಮಾಷೆ ಮಾಡಿದ್ದೆ. ಟ್ರೀಜಾ ನಗಲಿಲ್ಲ. ಆಮೇಲೆ ನಾನೂ ಆ ಮಾತು ಬಿಟ್ಟೆ.

ಅವಳ ಗಂಡ ಗ್ಲ್ಯಾಡ್‌ಸನ್ ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ಸಿಮೆಂಟು ಒಯ್ಯುವ ಮಂಜಿ ಎಂಬ ಮರದ ಹಡಗಿನಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದ. ಎರಡು ಸಾವಿರದ ನಾಲ್ಕರಲ್ಲಿ, ಮಳೆ ಹಿಡಿಯುವ ಮೊದಲು ಹೊರಟ ಮಂಜಿ ತಿರುಗಿ ಬರಲಿಲ್ಲ. ಮರದ ಹಲಗೆಗಳು ಸಿಕ್ಕಿದವು. ಜೊತೆಗಿದ್ದ ಕೆಲವರ ಹೆಣಗಳೂ ದಡಕ್ಕೆ ಬಂದವು. ಗ್ಲ್ಯಾಡ್‌ಸನ್ ಮಾತ್ರ ಸಿಗಲಿಲ್ಲ. ಹೆಣ ಸಿಗದಿದ್ದರೆ ಮಗ ಸತ್ತಿಲ್ಲ ಎಂದು ಎಮಿಲಿಯಾ ಬಾಯಿ ಹಠ ಹಿಡಿದರು. ಎಲ್ಲೋ ದಡ ಸೇರಿದ್ದಾನೆ, ಯಾವುದೋ ದೇಶದ ಜೈಲಿನಲ್ಲಿದ್ದಾನೆ, ಬರುತ್ತಾನೆ. ಸೊಸೆಯ ಕುತ್ತಿಗೆಯಲ್ಲಿ ಕರಿಮಣಿ ಇರುವ ತನಕ ಅವನ ಜೀವಕ್ಕೆ ಏನೂ ಆಗುವುದಿಲ್ಲ ಎಂಬುದು ಅವರ ನಂಬಿಕೆ. ನವೆಂಬರಿನಲ್ಲಿ ಇಗರ್ಜಿಯಲ್ಲಿ ಸತ್ತವರ ಹೆಸರು ಓದಿಸುವ ದಿನ ಅವರು ಗಂಡನ ಹೆಸರು ಕೊಡುತ್ತಿದ್ದರು, ಮಗನದು ಕೊಡುತ್ತಿರಲಿಲ್ಲ.

ಟ್ರೀಜಾಳಿಗೆ ಅವನು ಹೋಗಿದ್ದಾನೆಂದು ಮೊದಲ ವಾರವೇ ಗೊತ್ತಾಗಿತ್ತು. ಆದರೆ ಆ ಮನೆಯಲ್ಲಿ ಅತ್ತರೆ ಅದು ಅವನನ್ನು ಸಾಯಿಸಿದ ಹಾಗೆ. ಅಳುವುದಕ್ಕೂ ಜಾಗ ಇಲ್ಲದೆ ಅವಳು ಮಿಲ್ಲಿನ ಕೆಲಸಕ್ಕೆ ಸೇರಿದಳು. ಮಕ್ಕಳಿರಲಿಲ್ಲ. ತವರಿನವರು ಕರೆದರೂ ಹೋಗಲಿಲ್ಲ, ಮುದುಕಿಯನ್ನು ಯಾರ ಕೈಗೆ ಕೊಡುವುದು? ಬೆಳಿಗ್ಗೆ ಬಸ್ಸು, ಹಗಲಿಡೀ ಯಂತ್ರದ ಸದ್ದು, ಸಂಜೆ ಗಂಜಿ, ಜಪ, ನಿದ್ರೆ. ಹೀಗೇ ವರ್ಷಗಳು ಹೋದವು. ನೋಡುವ ನನಗೇ ಸಾಕೋ ಸಾಕು ಅನ್ನಿಸುತ್ತಿತ್ತು.

ನಮ್ಮದು ಉಪ್ಪಳದಿಂದ ಒಳಗೆ, ಗುಡ್ಡದ ಮೇಲಿನ ಸಣ್ಣ ಮಿಲ್ಲು. ರದ್ದಿ ಕಾಗದ ಅರೆದು ಹೊಸ ಕಾಗದ ಮಾಡುವುದು. ಒಣಗಿ ಬಂದ ಹಾಳೆ ಕೊನೆಗೆ ದೊಡ್ಡ ಕಬ್ಬಿಣದ ರೋಲರುಗಳ ನಡುವೆ ಹಾದು, ಇಸ್ತ್ರಿ ಹಾಕಿದ ಹಾಗೆ ನುಣ್ಣಗಾಗುತ್ತದೆ. ಹಾಳೆ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಆದರೆ ಮಾಲು ವಾಪಸು ಬರುತ್ತದೆ. ಟ್ರೀಜಾಳ ಕೆಲಸ ರೋಲರಿನ ಬದಿಯಲ್ಲೇ ನಿಂತು, ಹಾಳೆಯ ಉದ್ದಗಲಕ್ಕೂ ದಪ್ಪ ಅಳೆದು, ಎಲ್ಲಿ ಹೆಚ್ಚು ಎಲ್ಲಿ ಕಡಿಮೆ ಎಂದು ಮಹೇಶ್ವರನಿಗೆ ಕೂಗಿ ಹೇಳುವುದು. ಯಂತ್ರ ನಡೆಸುವವನು ಅವನು. ಅವನು ಪೈಪು ಹಿಡಿದು ದಪ್ಪ ಇದ್ದ ಕಡೆ ರೋಲರಿಗೆ ಬಿಸಿಗಾಳಿ ಊದುತ್ತಿದ್ದ. ಬಿಸಿಯಾದಲ್ಲಿ ಕಬ್ಬಿಣ ಕೂದಲೆಳೆಯಷ್ಟು ಉಬ್ಬಿ ಹಾಳೆಯನ್ನು ಒತ್ತುತ್ತದೆ. ಅರ್ಧ ಗಾಳಿ ರೋಲರಿಗೆ, ಅರ್ಧ ನಮ್ಮ ಮುಖಕ್ಕೆ.

ಎರಡು ಸಾವಿರದ ಹನ್ನೆರಡರಲ್ಲಿ ಧಣಿಗಳು ಇಂಡಕ್ಷನ್ ತರಿಸಿದರು. ಮನೆಮನೆಗೆ ಇಂಡಕ್ಷನ್ ಒಲೆ ಬಂದ ಕಾಲ ಅದು, ಹಾಗಾಗಿ ವಿಷಯ ನಮಗೂ ಬೇಗ ತಲೆಗೆ ಹೋಯಿತು. ರೋಲರಿಗೆ ತಾಗದ ಹಾಗೆ, ಅದರ ಉದ್ದಕ್ಕೂ ತಾಮ್ರದ ಸುರುಳಿಗಳ ಸಾಲು. ಕರೆಂಟು ಬಿಟ್ಟರೆ ಬೆಂಕಿ ಇಲ್ಲ, ಹೊಗೆ ಇಲ್ಲ, ಕಬ್ಬಿಣ ತನ್ನಷ್ಟಕ್ಕೆ ತಾನೇ ಬಿಸಿಯಾಗುತ್ತದೆ. ಎಲ್ಲಿ ಬೇಕೋ ಅಲ್ಲಿನ ಸುರುಳಿಗೆ ಮಾತ್ರ ಹೆಚ್ಚು ಕೊಟ್ಟರಾಯಿತು. ದಪ್ಪ ಅಳೆಯುವ ಯಂತ್ರವೂ ಒಟ್ಟಿಗೆ ಬರುತ್ತದಂತೆ. ಅದನ್ನು ನಮ್ಮ ಧಣಿಗಳು ತರಿಸಲಿಲ್ಲ. ಟ್ರೀಜಾ ಉಂಟಲ್ಲ, ಮತ್ತೆಂತಕ್ಕೆ!

ಜೋಡಿಸಲು ಬಂದವರು ಒಂದು ನಿಯಮ ಹೇಳಿ ಹೋದರು. ಸುರುಳಿಯ ಹತ್ತಿರ ನಿಲ್ಲುವವರ ಮೈಮೇಲೆ ಉಂಗುರ, ಸರ, ಬಳೆ ಯಾವ ಲೋಹವೂ ಇರಬಾರದು, ಅದೂ ಬಿಸಿಯಾಗುತ್ತದೆ. ಮಹೇಶ್ವರ ಸೊಂಟದ ಬೆಳ್ಳಿಯ ಉಡಿದಾರ ಬಿಚ್ಚಿ ಹೆಂಡತಿಗೆ ಕೊಟ್ಟ. ಟ್ರೀಜಾಳ ಕರಿಮಣಿ ಚಿನ್ನದ ಸರಿಗೆಯಲ್ಲಿ ಪೋಣಿಸಿದ್ದು. ಅವಳು ಅದಕ್ಕೆ ಬಟ್ಟೆ ಸುತ್ತಿ ಕುಪ್ಪಸದ ಒಳಗೆ ತೂರಿಸಿಕೊಂಡು ಕೆಲಸಕ್ಕೆ ನಿಂತಳು. ಬಟ್ಟೆ ಸುತ್ತಿದರೆ ಅದು ಕೇಳುತ್ತದಾ? ರೋಲರಿನ ಮೇಲೆ ಬಗ್ಗಿ ಅಳೆಯುವಾಗ ಸರ ಜೋತುಬಿದ್ದು ಕಾದಿತು. ಕುತ್ತಿಗೆಯ ಮೇಲೆ ಕೆಂಪು ಗೆರೆ ಎದ್ದಿತು. ಮೇಲ್ವಿಚಾರಕ ಉದಯಶಂಕರ ಕೆಟ್ಟವನಲ್ಲ, ಆದರೂ ಖಡಾಖಂಡಿತವಾಗಿ ಹೇಳಿದ: ತೆಗೆದಿಡುವುದಾದರೆ ಇಲ್ಲಿ, ಇಲ್ಲದಿದ್ದರೆ ರದ್ದಿ ಆಯುವ ಶೆಡ್ಡಿಗೆ. ಟ್ರೀಜಾಳಿಗೆ ಉಬ್ಬಸ. ಆ ಧೂಳಿನಲ್ಲಿ ಅವಳು ಒಂದು ಮಳೆಗಾಲ ದಾಟುತ್ತಿರಲಿಲ್ಲ.

ಅಂದಿನಿಂದ ಹೊಸ ಕ್ರಮ. ಮಿಲ್ಲಿಗೆ ಬಂದ ಕೂಡಲೇ ಬಟ್ಟೆ ಬದಲಿಸುವ ಕೋಣೆಯಲ್ಲಿ ಅವಳು ಕತ್ತು ಬಗ್ಗಿಸುತ್ತಿದ್ದಳು, ನಾನು ಹಿಂದಿನಿಂದ ಕೊಂಡಿ ಬಿಚ್ಚಿ ಸರವನ್ನು ಅವಳ ಬುತ್ತಿಪೆಟ್ಟಿಗೆಯ ಮೇಲಿನ ತಟ್ಟೆಯಲ್ಲಿ ಇಡುತ್ತಿದ್ದೆ. ಸಂಜೆ ಬಸ್ಸಿಗೆ ಮೊದಲು ಮತ್ತೆ ಹಾಕುವುದು. ಮೊದಮೊದಲು ಬಿಚ್ಚುವಾಗ ಅವಳು ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದಳು, ಆಮೇಲೆ ಅದೂ ನಿಂತಿತು. ಎರಡು ವರ್ಷ ಹೀಗೆ ಕಳೆಯಿತು. ಒಮ್ಮೆ ಕೊಂಡಿ ಹಾಕುವಾಗ ಅವಳು ಗೋಡೆಗೆ ಹಣೆ ಒತ್ತಿ ನಿಂತು ಹೇಳಿದಳು: “ತೆಗೆದಾಗ ಹಗುರ ಆಗ್ತದೆ ಹರಿಣಾಕ್ಷಿ. ಹಾಕುವಾಗ ಪುನಃ ಅವನಿಗೆ ಕಾಯ್ಲಿಕ್ಕೆ ಶುರು ಮಾಡಬೇಕು. ಬೊಡಿತು ಮಾರಾಯ್ತಿ, ಸಾಕಾಯ್ತು.” ನಾನು ಕೊಂಡಿ ಹಾಕಿ, ಅವಳ ಹಣೆಗೆ ಅಂಟಿದ ಗೋಡೆಯ ಸುಣ್ಣ ಒರೆಸಿದೆ.

ಎರಡು ಸಾವಿರದ ಹದಿನಾಲ್ಕರ ಅಕ್ಟೋಬರಿನಲ್ಲಿ ಒಂದು ಸಂಜೆ ಬಸ್ಸು ಹಾರ್ನ್ ಹೊಡೆಯುತ್ತಿರುವಾಗ ಆ ಕೊಂಡಿ ನನ್ನ ಕೈಯಲ್ಲೇ ಮುರಿಯಿತು. ಸರವನ್ನು ಪೆಟ್ಟಿಗೆಗೆ ಹಾಕಿ ಓಡಿ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನಾನು ಅವಳಿಗೆ ಪಾಠ ಹೇಳಿಕೊಟ್ಟೆ. ಕೊಂಡಿ ಈಗ ತಾನೇ ತುಂಡಾಯಿತು ಅನ್ನು, ನಾಳೆ ಆಚಾರಿಯ ಹತ್ತಿರ ಸರಿ ಮಾಡಿಸುತ್ತೇನೆ ಅನ್ನು, ಅಲ್ಲಿಗೆ ಮುಗಿಯಿತು. ಅದು ಸುಳ್ಳೂ ಅಲ್ಲವಲ್ಲ. ಅವಳು ಕಿಟಕಿಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದಳು, ಕೇಳಿಸಿಕೊಂಡಳೋ ಇಲ್ಲವೋ.

ಭಯಕ್ಕೆ ನಾನೂ ಅವಳ ಜೊತೆ ಅಂಗಳಕ್ಕೆ ಹೋದೆ. ಎಮಿಲಿಯಾ ಬಾಯಿ ಜಗಲಿಯಲ್ಲಿದ್ದರು. ಕುತ್ತಿಗೆ ನೋಡಿದರು. ಕಂಬ ಹಿಡಿದುಕೊಂಡರು. ಬಾಯಮ್ಮ, ಕೊಂಡಿ ಮುರಿದದ್ದು ಎಂದು ನಾನೇ ಶುರು ಮಾಡಿದೆ. ಟ್ರೀಜಾ ನನ್ನ ಕೈ ಹಿಡಿದು ನಿಲ್ಲಿಸಿದಳು.

“ಮಾಂಯ್, ಕೊಂಡಿ ಮುರಿದದ್ದು ಇವತ್ತು. ಆದರೆ ನಾನು ಇದನ್ನು ದಿನಾ ತೆಗೀತೇನೆ. ಆ ಹೊಸ ಯಂತ್ರ ಬಂದಾಗಿಂದ. ಎರಡು ವರ್ಷ ಆಯ್ತು.”

ಕೊಂಕಣಿಯಲ್ಲಿ ಅವಳು ಹೇಳಿದ್ದು ಇಷ್ಟೇ. ಅಕ್ಕಪಕ್ಕ ಬದುಕಿ ನನಗೆ ಆ ಭಾಷೆ ಬರುತ್ತದೆ. ಮುದುಕಿ ಈಗ ಶಾಪ ಹಾಕುತ್ತಾಳೆ, ಮಗನನ್ನು ಕೊಂದವಳೇ ಎಂದು ಎದೆ ಬಡಿದುಕೊಳ್ಳುತ್ತಾಳೆ ಎಂದು ನಾನು ಕಾದೆ. ಎಮಿಲಿಯಾ ಬಾಯಿ ಮೆಟ್ಟಿಲ ಮೇಲೆ ಕುಳಿತರು.

“ಎರಡು ವರ್ಷ ದಿನಾ ತೆಗ್ದಿದ್ದಿ,” ಎಂದರು. “ಒಂದೂ ಕೆಟ್ಟ ಸುದ್ದಿ ಬರ್ಲಿಲ್ಲ.”

“ಇಲ್ಲ, ಮಾಂಯ್.”

“ಅದಕ್ಕೆ ಮೊದಲು ಎಂಟು ವರ್ಷ ಹಾಕಿಯೇ ಇದ್ದಿ. ಒಳ್ಳೇದೂ ಬರ್ಲಿಲ್ಲ.”

ಮುದುಕಿ ಕೈ ಚಾಚಿದರು. ಟ್ರೀಜಾ ಬುತ್ತಿಪೆಟ್ಟಿಗೆ ತೆರೆದು ಸರ ಕೊಟ್ಟಳು. ಅನ್ನದ ಅಗುಳೊಂದು ಅದಕ್ಕೆ ಅಂಟಿಕೊಂಡಿತ್ತು. ಎಮಿಲಿಯಾ ಬಾಯಿ ಅದನ್ನು ಉಗುರಿನಿಂದ ಬಿಡಿಸಿ, ಸರವನ್ನು ಸೆರಗಿನ ತುದಿಯಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

“ಬರುವ ತಿಂಗಳು ಪಾದ್ರಿಯವರಿಗೆ ಅವನ ಹೆಸರು ಕೊಡು,” ಎಂದರು. “ನನ್ನ ಕೈಯಲ್ಲಿ ಆಗ್ಲಿಕ್ಕಿಲ್ಲ. ನೀನೇ ಕೊಡು.”

ಟ್ರೀಜಾ ನಿಂತಲ್ಲೇ ಕುಸಿದು ಅತ್ತೆಯ ಮಡಿಲಿಗೆ ತಲೆ ಹಾಕಿದಳು. ಹತ್ತು ವರ್ಷ ಹಿಡಿದಿಟ್ಟ ಅಳು ಅದು, ಬೇಗ ಮುಗಿಯುವುದಿಲ್ಲ. ನಾನು ಅಲ್ಲಿ ಇರಬಾರದು ಎಂದು ಮನೆಗೆ ಬಂದೆ. ಒಲೆ ಹಚ್ಚಿದೆ, ಆರಿಸಿದೆ, ಮತ್ತೆ ಹಚ್ಚಿದೆ. ನನ್ನ ಕಣ್ಣೂ ಒಣಗಿರಲಿಲ್ಲ.

ಮರುದಿನ ಬೆಳಿಗ್ಗೆ ಬೇಲಿಯ ಹತ್ತಿರ ಅವಳಿಗೆ ಕಾಯುತ್ತಾ ನಿಂತೆ. ಟ್ರೀಜಾ ಚೀಲ ಹಿಡಿದು ಜಗಲಿ ಇಳಿದಳು. ಎಮಿಲಿಯಾ ಬಾಯಿ ಎಂದಿನ ಜಾಗದಲ್ಲೇ ನಿಂತಿದ್ದರು. ಸೊಸೆಯ ಗಲ್ಲ ಹಿಡಿದು ಅವಳ ಮುಖ ನೋಡಿದರು.

“ಎಷ್ಟು ಸೊರಗಿದ್ದಿ ನೀನು,” ಎಂದರು. “ನಾನು ನೋಡ್ಲೇ ಇಲ್ಲ.”