ಶಾಹಿದಾಳ ಬಣ್ಣದ ಬಾಗಿಲು

ಬಂಧುಗಳೇ, ಇವತ್ತು ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಒಂದು ಬಾಗಿಲನ್ನೇ ಕಳಚಿ ಬಂದಿದ್ದೇನೆ. ಅದು ಬೊಂಬೆ ಮಾಡುವ ಶಾಹಿದಾಳ ಬಾಗಿಲು. ಟಾರ್ಪಾಲು ಹೊದೆಸಿದ ಗುಡಿಸಲಿಗೆ, ಮಿಕ್ಕ ಮರದ ತುಂಡುಗಳನ್ನು ಸೇರಿಸಿ ತಾನೇ ಬಾಗಿಲು ಮಾಡಿ, ಬೊಂಬೆಗೆ ಹಚ್ಚುವ ಕೆಂಪು ಹಳದಿ ಅರಗು ಬಳಿದ ಮರದ ಗುಂಡುಗಳನ್ನು ಕೂರಿಸಿದ್ದಾಳೆ. ಸರ್ಕಾರಿ ಮನೆಗೆ ಅರ್ಜಿ ಹಾಕಿದ್ದಳು. ಪರಿಶೀಲನೆಗೆ ಬಂದ ಸಾಹೇಬರು ಮೊಬೈಲಿನಲ್ಲಿ ಬಾಗಿಲಿನ ಫೋಟೋ ಹಿಡಿದು, "ಒಳ್ಳೇ ಮನೇನೇ ಐತಲ್ಲಮ್ಮ, ನಿನ್ನ ಹೆಸರು ಪಟ್ಟೀಲಿ ಬರಲ್ಲ" ಎಂದರು.

"ಒಸಿ ಮ್ಯಾಲೆ ನೋಡಿ ಸಾ, ಸೂರೆಲ್ಲೈತೆ?"

"ಆಪ್‌ನಲ್ಲಿ ಮುಂಬಾಗಿಲ ಫೋಟೋ ಒಂದೇ ಕೇಳೋದು ಕಣಮ್ಮ."

ನಾನೂ ಅವಳೂ ಸೇರಿ ಬಾಗಿಲನ್ನು ಕಳಚಿ ಪಕ್ಕಕ್ಕಿಟ್ಟೆವು. ಸಾಹೇಬರು ತಲೆ ಕೆರೆದುಕೊಂಡರು. "ಬಾಗಿಲೇ ಇಲ್ದಿದ್ರೆ ಮನೆ ಅನ್ನಕ್ಕಾಗಲ್ಲ. ಖಾಲಿ ಜಾಗ ಅಂತ ಬರ್ಕೋಬೇಕಾಯ್ತದೆ."

ಶಾಹಿದಾ ಸೊಂಟಕ್ಕೆ ಕೈಯಿಟ್ಟಳು. "ಬರ್ಕಳಿ ಸಾ. ಈಗ್ತಾನೆ ಟೀ ಕುಡುದ್ರಲ್ಲ, ಅದ್ನ ಖಾಲಿ ಜಾಗ ಕಾಸ್ಕೊಡ್ತಾ?"

ಸಾಹೇಬರಿಗೂ ನಗು ಬಂತು. ಕೊನೆಗೆ ಬಾಗಿಲನ್ನು ಅರ್ಧ ಮಾತ್ರ ಮುಚ್ಚುವಂತೆ ಹಿಡಿಸಿ, ಹಿಂದಿನ ಟಾರ್ಪಾಲೂ ಕಾಣುವಂತೆ ಫೋಟೋ ತೆಗೆದುಕೊಂಡು ಹೋದರು. ಬಾಗಿಲು ಹಿಡಿದು ನಿಂತವನು ನಾನು, ಫೋಟೋದಲ್ಲಿ ಬಿದ್ದವನೂ ನಾನೇ. ಮನೆ ನನ್ನ ಹೆಸರಿಗೇ ಮಂಜೂರಾಗಿಬಿಟ್ಟೀತೆಂದು ಶಾಹಿದಾ ಆಗಿನಿಂದ ನನ್ನನ್ನು ಗುಮಾನಿಯಿಂದ ನೋಡುತ್ತಿದ್ದಾಳೆ.