ಎದ್ದು ನಿಂತ ಜಮಾತು

ನಮ್ಮ ಶಾಲೆಯಲ್ಲಿ ಪಾಠಕ್ಕಿಂತ ನಡತೆ ದೊಡ್ಡದಾಗಿತ್ತು. ನಾರಾಯಣಪೇಟೆಯ ನೇಕಾರರು ತಮ್ಮ ಮಕ್ಕಳಿಗೆ ನಾಲ್ಕಕ್ಷರ ಬರಲಿ ಎಂದು ಸೇರಿ ನಡೆಸುತ್ತಿದ್ದ ಶಾಲೆ ಅದು. ಒಂದು ಉದ್ದನೆಯ ಪಡಸಾಲೆ, ಅದರ ಹಿಂದೆ ನೂಲು ಇಡುವ ಕೋಣೆ, ಎಲ್ಲ ಜಮಾತು, ಅಂದರೆ ತರಗತಿ, ಸೇರಿ ಮೂವತ್ತು ಮಕ್ಕಳು. ಕನ್ನಡ, ಲೆಕ್ಕ ಕಲಿಸಲು ಒಬ್ಬ ಮಾಸ್ತರು. ಉರ್ದು ಕಲಿಸದಿದ್ದರೆ ನಿಜಾಮರ ಸರ್ಕಾರ ಶಾಲೆ ನಡೆಸಲು ಬಿಡುತ್ತಿರಲಿಲ್ಲವಾದ್ದರಿಂದ ಒಬ್ಬ ಮುದುಕ ಮೌಲ್ವಿ ಸಾಹೇಬರು.

ಅವರು ಉರ್ದು ಎಷ್ಟು ಕಲಿಸಿದರೋ, ನನಗಂತೂ ಎಲ್ಲ ಮರೆತುಹೋಗಿದೆ. ಉಳಿದದ್ದು ಅದಬು. ಅಂದರೆ ದೊಡ್ಡವರ ಮುಂದೆ ನಡೆದುಕೊಳ್ಳುವ ರೀತಿ. ಚಪ್ಪಲಿ ಇದ್ದವರು ಗೋಡೆಗೆ ಸಾಲಾಗಿ ಬಿಡಬೇಕು. ಬಣ್ಣ ಹಾಕುವ ಮನೆಯ ಮಕ್ಕಳ ಉಗುರು ಕೆಂಪಗಿದ್ದರೆ ಅದಕ್ಕೂ ರಿಯಾಯಿತಿ ಇಲ್ಲ, ಉಜ್ಜಿಕೊಂಡು ಬರಬೇಕು. ನೀರು ತರುವ ಹೆಂಗಸನ್ನೂ ‘ರೀ’ ಹಚ್ಚಿ ಮಾತಾಡಿಸಬೇಕು. ಎಲ್ಲಕ್ಕಿಂತ ಮೇಲಿನದು ಕೆಮ್ಮಿನ ಕಾಯಿದೆ.

ಅವರಿಗೆ ದಮ್ಮು ಇತ್ತು. ಓಣಿಯ ತಿರುವಿನಲ್ಲೇ ಕೆಮ್ಮು ಕೇಳುತ್ತಿತ್ತು. ಅವರು ಹೊಸ್ತಿಲು ದಾಟುವುದರೊಳಗೆ ಮೂವತ್ತೂ ಜನ ಎದ್ದು, ಬಲಗೈ ಹಣೆಗೆ ಹಚ್ಚಿ ನಿಂತಿರಬೇಕು. ಅವರು ಒಬ್ಬೊಬ್ಬರನ್ನೇ ನೋಡಿ ‘ಬೈಠೋ’ ಅನ್ನಬೇಕು, ಆಮೇಲೆ ನಾವು ಕೂಡಬೇಕು. ಬೇರೆ ಯಾರು ಕೂಡು ಅಂದರೂ ಕೂಡುವಂತಿಲ್ಲ. ನಾನು ಮಾನಿಟರ್. ಹತ್ತು ವರ್ಷದ ಹುಡುಗಿ, ಮೂವತ್ತು ಜನರನ್ನು ಎಬ್ಬಿಸುವ ಅಧಿಕಾರ! ಮನೆಯಲ್ಲಿ ಅಜ್ಜ ಕೆಮ್ಮಿದರೂ ಎದ್ದು ನಿಂತುಬಿಡುತ್ತಿದ್ದೆ. ‘ಬಂದ್ಲು ನೋಡ್ರಿ ನಮ್ಮನಿ ಮೌಲ್ವಿ’ ಎಂದು ಅವ್ವ ನಗುತ್ತಿದ್ದಳು.

ಇಂಡಿಯಾದ ಫೌಜು ಬಂದು ನಿಜಾಮರ ರಾಜ್ಯ ಮುಗಿದು ಹದಿನೈದು ದಿನ ಆಗಿರಬೇಕು. ನಿಜಾಮರ ಪರ ಬಡಿದಾಡಿದ ರಜಾಕಾರರ ಮೇಲಿನ ಸಿಟ್ಟು ಸಿಕ್ಕ ಮುಸಲ್ಮಾನರ ಮೇಲೆ ತಿರುಗಿತ್ತು, ಊರಲ್ಲಿ ದಿನಕ್ಕೊಂದು ಸುದ್ದಿ. ಯಾರ ಮನೆಗೆ ನುಗ್ಗಿದರು, ಯಾರನ್ನು ಎಳೆದುಕೊಂಡು ಹೋದರು ಎನ್ನುವುದನ್ನು ದೊಡ್ಡವರು ಪಿಸುಮಾತಿನಲ್ಲಿ ಹೇಳಿಕೊಳ್ಳುತ್ತಿದ್ದರು, ನಾವು ಕದ್ದು ಕೇಳುತ್ತಿದ್ದೆವು. ಆಗಲೇ ಒಂದು ಬೆಳಿಗ್ಗೆ ಅವ್ವ ಬಟ್ಟೆಯಲ್ಲಿ ಎರಡು ರೊಟ್ಟಿ ಕಟ್ಟಿ, ಶಾಲೆಯಲ್ಲಿ ಮಾಸ್ತರ ಕೈಗೇ ಕೊಡು ಎಂದಳು. ಮಾಸ್ತರು ನನ್ನನ್ನು ಹಿಂದಿನ ಕೋಣೆಗೆ ಕರೆದೊಯ್ದರು. ನೂಲಿನ ಗಂಟುಗಳ ನಡುವೆ ಮೌಲ್ವಿ ಸಾಹೇಬರು ಕೂತಿದ್ದರು. ತಲೆಯ ಮೇಲೆ ಟೋಪಿ ಇರಲಿಲ್ಲ. ನಾನು ಸಲಾಮು ಮಾಡುವುದನ್ನೂ ಮರೆತೆ, ಅವರೂ ಅದಕ್ಕೆ ಬೈಯಲಿಲ್ಲ.

‘ಯಾರ ಮುಂದೂ ಬಾಯಿ ಬಿಡಬ್ಯಾಡ ನೋಡವ್ವ’ ಎಂದರು ಮಾಸ್ತರು. ‘ಸಂಜಿಗೆ ನೂಲಿನ ಬಂಡಿ ಮಕ್ತಲ್ ಕಡೆ ಹೊಂಟೈತಿ. ಅದ್ರಾಗ ಕುಂಡ್ರಿಸಿ ಕಳಿಸ್ತೀನಿ. ಹೊಳಿ ದಾಟಿದ್ರ ಗದ್ವಾಲದಾಗ ಇವರ ಮಗಳ ಮನಿ ಐತಿ. ಸಂಜಿತನಕ ಉಳಿಸಿಕೊಂಡ್ರ ಸಾಕು.’

ಆ ಕೋಣೆಯ ತುಂಬ ಹತ್ತಿಯ ಧೂಳು. ದಮ್ಮಿನ ಮನುಷ್ಯನನ್ನು ಅಲ್ಲಿ ಕೂಡಿಸಿದರೆ ಏನಾಗುತ್ತದೆ ಎಂದು ನನಗೇ ಹೊಳೆಯಿತು, ಮಾಸ್ತರಿಗೆ ಹೊಳೆಯದೆ ಇದ್ದೀತೆ? ಬೇರೆ ಜಾಗ ಎಲ್ಲಿತ್ತು? ಅದಕ್ಕೇ ಅವರು ಅವತ್ತು ಶಾಲೆ ಶುರುವಾದಾಗಿನಿಂದ ಮಗ್ಗಿ ಹೇಳಿಸಿದರು, ಅದೂ ಗಂಟಲು ಹರಿಯುವಂತೆ. ಹನ್ನೆರಡರ ಮಗ್ಗಿ ಮುಗಿದರೆ ಮತ್ತೆ ಎರಡರಿಂದ. ಪಕ್ಕದವಳು ‘ಯಾಕ ಇಷ್ಟು ಒದರಸ್ತಾರ ಇವತ್ತು?’ ಎಂದು ನನ್ನನ್ನು ತಿವಿದಳು. ನಾನು ಗೊತ್ತಿಲ್ಲ ಎಂದು ತಲೆಯಾಡಿಸಿದೆ. ಕೆಮ್ಮು ಬಂದರೆ ಏಳಬೇಡಿ ಎಂದು ಎಲ್ಲರ ಕಿವಿಯಲ್ಲಿ ಹೇಳಿಬಿಡಲೇ ಎಂದು ನೂರು ಸಲ ಅಂದುಕೊಂಡೆ. ಹೇಳಿದರೆ ಯಾಕೆ ಅಂತ ಕೇಳುತ್ತಾರೆ. ಮೂವತ್ತು ಬಾಯಿ, ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗುತ್ತವೆ. ಹೇಳಲಿಲ್ಲ.

ಊಟಕ್ಕೆ ಬಿಡುವ ಹೊತ್ತಿಗೆ ನಾಲ್ವರು ಬಂದರು. ಇಬ್ಬರು ಊರವರೇ, ಇಬ್ಬರು ಗುರುತಿಲ್ಲದವರು, ಕೈಯಲ್ಲಿ ಬಡಿಗೆ. ಒಬ್ಬ ‘ಸುಮ್ಮನಿರ್ರಲೇ’ ಎಂದು ಗದರಿದ. ಮಗ್ಗಿ ನಿಂತಿತು.

‘ಆ ಮುದಕ ಎಲ್ಲದಾನ? ರಜಾಕಾರರಿಗೆ ಹೆಸರು ಬರದು ಕೊಟ್ಟಾನ ಅವ.’

ಊರಿನ ಅರ್ಧ ಜನಕ್ಕೆ ಕಚೇರಿಯ ಅರ್ಜಿ ಬರೆದುಕೊಟ್ಟವರು ಮೌಲ್ವಿ ಸಾಹೇಬರು. ಕೇಳುತ್ತಿದ್ದವನ ಹೊಲದ ಅರ್ಜಿಯನ್ನೂ ಅವರೇ ಬರೆದಿದ್ದರು, ನಮ್ಮ ಪಡಸಾಲೆಯಲ್ಲೇ ಕೂತು. ಈಗ ಉರ್ದು ಬರೆಯಲು ಬರುತ್ತಿತ್ತು ಎಂಬುದೇ ಅವರ ತಪ್ಪಾಗಿತ್ತು.

‘ಹೋಗಿ ನಾಕ ದಿನ ಆತ್ರಿ. ಎಲ್ಲಿಗಂತ ಹೇಳಿಲ್ಲ’ ಎಂದರು ಮಾಸ್ತರು. ಸುಳ್ಳು ಹೇಳಿ ರೂಢಿಯಿಲ್ಲದ ಮನುಷ್ಯ, ಆದರೂ ಚೆನ್ನಾಗಿಯೇ ಹೇಳಿದರು. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಆಗಲೇ ಬಾಗಿಲ ಕಡೆ ತಿರುಗಿದ್ದ.

ಆಗ ಕೆಮ್ಮು ಕೇಳಿತು. ಒಂದೇ ಒಂದು, ಅದೂ ಬಾಯಿಗೆ ಬಟ್ಟೆ ಒತ್ತಿಕೊಂಡದ್ದು. ಬೀದಿಯಲ್ಲಿ ಯಾರೋ ಕೆಮ್ಮಿದರು ಎಂದು ಬಿಟ್ಟುಬಿಡಬಹುದಾಗಿತ್ತು.

ಮೂವತ್ತು ಜನ ಎದ್ದರು. ಬಲಗೈ ಹಣೆಗೆ, ಮುಖ ನೂಲಿನ ಕೋಣೆಯ ಕಡೆಗೆ. ಎಲ್ಲರೂ ಎದ್ದರು ಎಂದೇ ನಾನು ಇಲ್ಲಿಯವರೆಗೆ ಹೇಳುತ್ತ ಬಂದಿದ್ದೇನೆ. ಅದು ಅರ್ಧ ನಿಜ. ಮೊದಲು ಎದ್ದವಳು ನಾನು. ಒಳಗೆ ಇರುವುದು ಯಾರು, ಯಾಕೆ ಎಂದು ಗೊತ್ತಿದ್ದ ಒಬ್ಬಳೇ ಒಬ್ಬಳು ನಾನು, ಬೆಳಗಿನಿಂದ ಅದೊಂದಕ್ಕೇ ಹೆದರುತ್ತ ಕೂತಿದ್ದವಳು, ನನ್ನ ಕಾಲುಗಳು ನನ್ನನ್ನು ಕೇಳದೆ ಎದ್ದವು. ನನ್ನನ್ನು ನೋಡಿ ಉಳಿದವರು ಎದ್ದರು.

‘ಕೂಡ್ರಿ, ಕೂಡ್ರಿ’ ಎಂದರು ಮಾಸ್ತರು. ಯಾರೂ ಕೂಡಲಿಲ್ಲ. ಬಾಗಿಲಿಗೆ ಹೋಗಿದ್ದವನು ತಿರುಗಿ ಬಂದು, ನಮ್ಮ ಮುಖಗಳನ್ನೂ ಆ ಕೋಣೆಯ ಬಾಗಿಲನ್ನೂ ನೋಡಿದ.

ಅವನು ಅತ್ತ ಹೆಜ್ಜೆ ಇಡುವ ಮೊದಲೇ ಬಾಗಿಲು ಒಳಗಿನಿಂದ ತೆರೆಯಿತು. ಮೌಲ್ವಿ ಸಾಹೇಬರ ಗಡ್ಡದ ತುಂಬ ಹತ್ತಿ. ಅವರು ಬಡಿಗೆಯವರನ್ನು ನೋಡಲಿಲ್ಲ, ನಮ್ಮನ್ನು ನೋಡಿದರು, ದಿನದಂತೆ ಒಬ್ಬೊಬ್ಬರನ್ನೇ. ‘ಬೈಠೋ’ ಎಂದರು. ಕೂತೆವು. ಅವರನ್ನು ತೋಳು ಹಿಡಿದು ಕರೆದುಕೊಂಡು ಹೋದರು.

ಮಾಸ್ತರು ನನ್ನನ್ನೂ ಎಲ್ಲರಂತೆ ಊಟಕ್ಕೆ ಬಿಟ್ಟರು. ಎರಡೇಟು ಹಾಕಿದ್ದರೆ ಒಳ್ಳೆಯದಿತ್ತು ಎಂದು ಈಗಲೂ ಸಿಟ್ಟು ಬರುತ್ತದೆ.

ದೀಪಾವಳಿ ಕಳೆದ ಮೇಲೆ ಗದ್ವಾಲದಿಂದ ಅವರ ಮಗಳು ಬಂದಳು. ಬುರ್ಖಾದ ಮುಸುಕು ಎತ್ತಿ ಪಡಸಾಲೆಯ ಮೆಟ್ಟಿಲ ಮೇಲೆ ಕೂತಿದ್ದಳು. ಜೈಲಿನಲ್ಲಿದ್ದಾರೆ ಎಂದು ಒಬ್ಬರು, ಅಲ್ಲಿಲ್ಲ ಎಂದು ಒಬ್ಬರು ಹೇಳಿ ಅವಳನ್ನು ಅಲೆಸಿದ್ದರು. ಮಾಸ್ತರು ಒಳಗೆ ಹೋದಾಗ ನಾನು ಅವಳಿಗೆ ನೀರು ಕೊಟ್ಟೆ, ಎರಡೂ ಕೈಯಿಂದ, ತಲೆ ಬಾಗಿಸಿ.

‘ಇಲ್ಲೇ ಬಚ್ಚಿಟ್ಟಿದ್ರಂತಲ್ಲವ್ವ. ಅವರಿಗೆ ಹ್ಯಾಂಗ ಗೊತ್ತಾತು?’ ಎಂದು ಕೇಳಿದಳು.

‘ನನಗ ಗೊತ್ತಿಲ್ರೀ’ ಎಂದೆ.

ಅವಳು ನೀರು ಕುಡಿದು ಲೋಟ ಕೊಟ್ಟಳು. ನನ್ನ ಗಲ್ಲ ಮುಟ್ಟಿ, ‘ಎಷ್ಟು ಅದಬಿನ ಹುಡುಗಿ ಅದಿ. ನಮ್ಮ ಅಬ್ಬಾಜಾನ್ ಕಲಿಸಿದ್ದು ಹೌದಲ್ಲ?’ ಎಂದಳು.

ನಾನು ಹೌದ್ರೀ ಎಂದೆ.